ಕೊಳೆರೋಗದ ಪೇಪರು, ಕಾಮಾದ ಕಾಟ

ಪ್ರಶ್ನೆ: ಅಡಿಕೆಯ ಕೊಳೆರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲ ಪೇಪರು ಒಂದು ಜರ್ನಲ್‌ನಿಂದ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಬಂತು. ಎರಡನೆಯ ಕಡೆ ಕಳಿಸಿದರೆ, ‘ರೆಫರೆನ್ಸುಗಳು ನಮ್ಮ ಶೈಲಿಯಲ್ಲಿಲ್ಲ, ಸರಿಪಡಿಸಿ ಕಳಿಸಿ’ ಎಂದು ಆಫೀಸಿನಿಂದಲೇ ತಿರುಗಿಸಿದ್ದಾರೆ. ಮೊದಲಿನದು ಹೆಸರು-ವರ್ಷದ ಪದ್ಧತಿ, ಇವರದು ನಂಬರ್ ಪದ್ಧತಿ. ಒಟ್ಟು 68 ರೆಫರೆನ್ಸು, ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದು. ಮಧ್ಯೆ ಒಂದು ಸೇರಿಸಿದರೆ ಮುಂದಿನ ನಂಬರೆಲ್ಲ ಏರುಪೇರು. ಗೈಡ್ ಹತ್ತಿರ ಹೋದರೆ ‘ಇಷ್ಟೂ ಬರಲ್ವಾ?’ ಅನ್ನುತ್ತಾರೆ. ಸಂಶೋಧನೆಗೆ ಬಂದವಳು ಕಾಮಾ, ಫುಲ್‌ಸ್ಟಾಪ್ ಎಣಿಸುತ್ತಾ ಕೂತಿದ್ದೇನೆ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇನೋ.

— ಹೆಸರು ಬೇಡ, ಶಿವಮೊಗ್ಗ

ಉತ್ತರ: ಪತ್ರದ ಕೊನೆಯ ಸಾಲನ್ನು ಮೊದಲು ಹೊಡೆದುಹಾಕಿ. ಎರಡನೆಯ ಜರ್ನಲ್‌ನಲ್ಲಿ ನಿಮ್ಮ ಪೇಪರನ್ನು ಯಾರೂ ಇನ್ನೂ ಓದಿಯೇ ಇಲ್ಲ. ಸಂಪಾದಕರ ಕಡೆ ಹೋಗುವ ಮುಂಚೆ ಪಟ್ಟಿ ಹಿಡಿದು ಟಿಕ್ ಹಾಕುವ ಸಿಬ್ಬಂದಿ ವಾಪಸ್ ಮಾಡಿದ್ದಾರೆ. ಅರ್ಜಿಗೆ ಫೋಟೊ ಅಂಟಿಸಿಲ್ಲ ಎಂದು ಕೌಂಟರಿನಲ್ಲೇ ಹಿಂದಿರುಗಿಸಿದ ಹಾಗೆ, ಅಷ್ಟೆ.

ಇಷ್ಟೊಂದು ಶೈಲಿಗಳು ಯಾಕಪ್ಪಾ ಎಂದು ನಿಮಗೆ ಸಿಟ್ಟು ಬಂದರೆ ಅದು ನ್ಯಾಯವೇ. ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಲೇಖಕರಿಗೆ ಎಲ್ಲ ಕಡೆ ಒಂದೇ ನಿಯಮ ಇರಲಿ ಎಂದು ಹೊರಟರು. ನಂಬರ್ ಪದ್ಧತಿಗೆ ಆ ಊರಿನ ಹೆಸರು ಅಂಟಿಕೊಂಡಿತು. ಉಳಿದವರು ತಮ್ಮ ತಮ್ಮ ದಾರಿ ಹಿಡಿದರು. ವ್ಯಾಂಕೂವರ್ ಶೈಲಿಯಲ್ಲಿ ಆರು ಲೇಖಕರಾದ ಮೇಲೆ ‘ಮತ್ತಿತರರು’. ಹೆಸರು-ವರ್ಷ ಹಾಕುವ ಎಪಿಎ ಶೈಲಿಯ ಏಳನೆಯ ಆವೃತ್ತಿಯಲ್ಲಿ 20 ಜನರವರೆಗೂ ಹೆಸರು ಹಾಕಬೇಕು. ಎಪಿಎಯಲ್ಲಿ ವರ್ಷ ಲೇಖಕರ ಬೆನ್ನಿಗೇ ಬರುತ್ತದೆ, ನಮ್ಮ ಬೆಂಗಳೂರಿನ ಕರೆಂಟ್ ಸೈನ್ಸ್‌ನಲ್ಲಿ ಜರ್ನಲ್ ಹೆಸರು ದಾಟಿದ ಮೇಲೆ. ಇದರಲ್ಲಿ ವಿಜ್ಞಾನ ಹುಡುಕಬೇಡಿ, ರೂಢಿ ಮಾತ್ರ ಇದೆ. ಅಂಥ ಕೆಲಸಕ್ಕೆ ನಿಮ್ಮ ಕಣ್ಣು ಕೆಡಿಸಿಕೊಳ್ಳಬಾರದು, ಯಂತ್ರಕ್ಕೆ ಒಪ್ಪಿಸಬೇಕು.

ರೆಫರೆನ್ಸುಗಳನ್ನು ನಿಭಾಯಿಸುವ ಜೊಟೆರೊ ಎಂಬ ಉಚಿತ ತಂತ್ರಾಂಶ 2006ರಿಂದ ಇದೆ. ಮೊದಲು ಕ್ರಾಸ್‌ರೆಫ್ ತಾಣಕ್ಕೆ ಹೋಗಿ, ನಿಮ್ಮ ರೆಫರೆನ್ಸುಗಳನ್ನು ಇದ್ದ ಹಾಗೇ ಅಂಟಿಸಿ. ಸಿಕ್ಕಷ್ಟಕ್ಕೆ ಡಿಒಐ ಎಂಬ ಗುರುತಿನ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗಳನ್ನು ಜೊಟೆರೊದ ಮಂತ್ರದಂಡದ ಗುರುತಿನಲ್ಲಿ ಹಾಕಿದರೆ ಲೇಖಕರು, ಶೀರ್ಷಿಕೆ, ಸಂಪುಟ, ಪುಟ ಎಲ್ಲ ತಾವೇ ಬಂದು ಕೂರುತ್ತವೆ. ಬಳಿಕ ವರ್ಡ್ ಕಡತದಲ್ಲಿ ಕೈಯಿಂದ ಟೈಪಿಸಿದ ಒಂದೊಂದು ಸೈಟೇಶನನ್ನೂ ಅಳಿಸಿ, ಅದೇ ಜಾಗದಲ್ಲಿ ಜೊಟೆರೊದಿಂದ ಸೇರಿಸುತ್ತಾ ಹೋಗಿ. ಬೇಸರದ ಕೆಲಸ ಇದೊಂದೇ, ಅದೂ ಒಂದೇ ಸಲ. ಆಮೇಲೆ ಜರ್ನಲ್ ಹೆಸರು ಆರಿಸಿದರೆ 68ಕ್ಕೆ 68 ಹೊಸ ವೇಷ ತೊಡುತ್ತವೆ, ನಂಬರೂ ತಾನೇ ಸರಿಹೋಗುತ್ತದೆ. ನಾಳೆ ಮೂರನೆಯ ಜರ್ನಲ್‌ಗೆ ಹೋಗಬೇಕಾಗಿ ಬಂದರೂ ಚಿಂತೆಯಿಲ್ಲ.

ಯಂತ್ರ ಎಡವುವ ಜಾಗ ಎರಡಿವೆ. ಶೀರ್ಷಿಕೆಯೊಳಗಿನ ರೋಗಾಣುವಿನ ಹೆಸರು, ಫೈಟಾಫ್ತೊರಾ ಮೀಡಿಯೈ, ಓರೆ ಅಕ್ಷರ ಕಳೆದುಕೊಂಡಿರುತ್ತದೆ, ಅದು ಸಣ್ಣದು. ದೊಡ್ಡದು ನಮ್ಮ ಹೆಸರುಗಳದು. ಊರು, ತಂದೆ, ಆಮೇಲೆ ಸ್ವಂತ ಹೆಸರು ಎಂಬ ನಮ್ಮ ಕ್ರಮ ಆ ಡೇಟಾಬೇಸುಗಳಿಗೆ ತಿಳಿಯದು. ‘ನಾಗರಾಜ ಎಚ್. ಎಸ್.’ ಎಂದಿದ್ದರೆ ಕೊನೆಯ ‘ಎಸ್’ ಅನ್ನೇ ಮನೆತನದ ಹೆಸರು ಮಾಡಿ, ‘ಎಸ್, ಎನ್. ಎಚ್.’ ಎಂದು ಪಟ್ಟಿಗೆ ಇಳಿಸುತ್ತದೆ. ನಾಗರಾಜರೇ ಮಾಯ! ಅಡಿಕೆಯ ಮೇಲೆ ಕೆಲಸ ಮಾಡಿದವರಲ್ಲಿ ಇಂಥ ಹೆಸರಿನವರೇ ಹೆಚ್ಚು, ಆದ್ದರಿಂದ ನಮ್ಮ ಕಡೆಯ ಲೇಖಕರ ಪ್ರತಿಯೊಂದು ಹೆಸರನ್ನೂ ಮೂಲ ಪೇಪರಿಗೆ ಹಿಡಿದು ನೋಡಿ. ನಿಮ್ಮ ಹೆಸರನ್ನೂ ಮೊದಲ ಪೇಪರಿನಲ್ಲೇ ಒಂದು ರೂಪಕ್ಕೆ ನಿಲ್ಲಿಸಿ, ಸಂಶೋಧಕರ ಗುರುತಿನ ಸಂಖ್ಯೆಯಾದ ಒಂದು ಆರ್ಕಿಡ್ ಐಡಿ ಮಾಡಿಸಿಕೊಳ್ಳಿ. ಮುಂದೆ ಮದುವೆ, ಇನಿಶಿಯಲ್ ಏನೇ ಬದಲಾದರೂ ಪೇಪರುಗಳು ನಿಮ್ಮವೇ ಆಗಿ ಉಳಿಯುತ್ತವೆ.

ಇಷ್ಟಾದ ಮೇಲೂ ಡಿಒಐ ಸಿಗದ ಕೆಲವು ಉಳಿಯುತ್ತವೆ. ಉಳಿಸಿದ ಸಮಯವನ್ನು ಇವಕ್ಕೆ ಕೊಡಿ. ಕೊಳೆರೋಗದ ಬಗ್ಗೆ ಬರೆಯುವವರು ‘ಕೋಲ್ಮನ್, 1910’ ಎಂದು ಹಾಕುವುದುಂಟು, ನಿಮ್ಮ ಪಟ್ಟಿಯಲ್ಲೂ ಇರಬಹುದು. ಯಾವ ಕೋಲ್ಮನ್? ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಆ ವರ್ಷ ಈ ರೋಗದ ಬಗ್ಗೆ ಇಲಾಖೆಯಿಂದ ಒಂದು ಬುಲೆಟಿನ್ ಹೊರತಂದರು. ಅದೇ ವರ್ಷ ಆನಾಲೆಸ್ ಮೈಕಾಲಜಿಸಿ ಪತ್ರಿಕೆಯ 8ನೇ ಸಂಪುಟದಲ್ಲಿ ಒಂದು ಲೇಖನವನ್ನೂ ಬರೆದರು. ಕೋಲ್ಮನ್ ರೋಗಾಣುವಿಗೆ ಇಟ್ಟ ಹೆಸರಿನ ಮಾತು ಬಂದರೆ ತೋರಿಸಬೇಕಾದದ್ದು ಪತ್ರಿಕೆಯ ಲೇಖನ. ಹೆಸರು-ವರ್ಷದ ಪದ್ಧತಿಯಲ್ಲಿ 1910ಎ, 1910ಬಿ ಎಂದು ಬೇರೆ ಮಾಡುತ್ತೀರಿ. ನಂಬರಿಗೆ ಬದಲಿಸುವಾಗ ಎರಡೂ ಸೇರಿ ಒಂದಾಗಿಬಿಡುವ ಅಪಾಯವಿದೆ. ಮೂಲ ಸಿಕ್ಕದೆ ಬೇರೆಯವರ ಪೇಪರಿನಲ್ಲಿ ಅದರ ಮಾತು ಓದಿದ್ದರೆ ಆ ಪೇಪರನ್ನೇ ಹೆಸರಿಸಿ, ಇಂಥವರು ಹೇಳಿರುವಂತೆ ಎಂದು ಬರೆಯಿರಿ.

ಓದದೆ ನಕಲು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಅಂತೀರಾ? ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು 2003ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಭೌತವಿಜ್ಞಾನದಲ್ಲಿ ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್‌ರ 1973ರ ಪೇಪರಿಗೆ ಬಂದ ಸುಮಾರು 4,300 ಉಲ್ಲೇಖಗಳಲ್ಲಿ 196 ತಪ್ಪಾಗಿ ಅಚ್ಚಾಗಿದ್ದವು, ಅದರಲ್ಲಿ ಒಂದೇ ತಪ್ಪು ಪುಟಸಂಖ್ಯೆ 78 ಕಡೆ. ಅಷ್ಟು ಜನರ ಬೆರಳು ಒಂದೇ ಕಡೆ ಜಾರಿರಲಾರದು. ಇನ್ನೊಂದು ಮಜದ ಕಥೆಯಿದೆ. ಎಲ್ಸೆವಿಯರ್ ಸಂಸ್ಥೆ ಲೇಖಕರಿಗೆ ಮಾದರಿಯಾಗಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ಒಂದು ರೆಫರೆನ್ಸನ್ನು ಅಳಿಸಲು ಮರೆತವರು ಎಷ್ಟೆಂದರೆ, ಆ ಇಲ್ಲದ ಪೇಪರಿಗೆ 400ರ ಹತ್ತಿರ ಉಲ್ಲೇಖಗಳು ಸಿಕ್ಕವು! ಈಗ ಚಾಟ್‌ಜಿಪಿಟಿಗೆ ಕೇಳಿದರೆ ನಂಬುವಂಥ ಹೆಸರು, ನಂಬುವಂಥ ವರ್ಷ ಸೇರಿಸಿ ಹುಟ್ಟದ ಪೇಪರುಗಳನ್ನೇ ಕೊಡುವುದುಂಟು. ರೆಫರೆನ್ಸು ಹುಡುಕಲು ಅದರ ಹತ್ತಿರ ಹೋಗಬೇಡಿ. ರಿವ್ಯೂಯರ್ ಕಾಮಾ ತಪ್ಪಿದ್ದನ್ನು ಕ್ಷಮಿಸಿಯಾರು, ಇದನ್ನಲ್ಲ.

ಗೈಡ್ ವಿಷಯ. ಅವರ ಕಾಲದಲ್ಲಿ ಇದನ್ನೆಲ್ಲ ಕೈಯಲ್ಲೇ ಮಾಡಿರಬಹುದು, ಹೇಳಿಕೊಡಲು ಅವರಿಗೇ ಗೊತ್ತಿಲ್ಲದಿರಬಹುದು. ‘ಬರಲ್ವಾ?’ ಎಂದವರ ಮುಂದೆ ಕೈಕಟ್ಟಿ ನಿಲ್ಲುವ ಬದಲು ಸಿದ್ಧವಾದ ಪಟ್ಟಿ ಒಯ್ದು, ‘ಸರ್, ನಿಮ್ಮ ಪೇಪರುಗಳಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ನೋಡಿ’ ಅನ್ನಿ. ಆ ಪುಟವನ್ನು ಅವರು ಖಂಡಿತ ಓದುತ್ತಾರೆ.

ಮುಂದಿನ ಪೇಪರಿಗೆ ಮೊದಲು ಜರ್ನಲ್‌ನ ‘ಲೇಖಕರಿಗೆ ಸೂಚನೆ’ ಓದಿ. ಮೊದಲ ಸಲ್ಲಿಕೆಗೆ ಯಾವ ಶೈಲಿಯಾದರೂ ಸರಿ, ಎಲ್ಲ ಕಡೆ ಒಂದೇ ಥರ ಇದ್ದರೆ ಸಾಕು ಎನ್ನುವ ಜರ್ನಲ್‌ಗಳು ಈಗ ಸಾಕಷ್ಟಿವೆ. ಸದ್ಯಕ್ಕೆ, ತಿದ್ದಿದ ಪ್ರತಿಯ ಜೊತೆ ‘ರೆಫರೆನ್ಸುಗಳನ್ನು ನಿಮ್ಮ ಶೈಲಿಗೆ ಬದಲಿಸಿದ್ದೇನೆ, ಬೇರೇನೂ ಬದಲಾಗಿಲ್ಲ’ ಎಂದು ಒಂದು ಸಾಲು ಬರೆದು ಕಳಿಸಿ. ಕ್ಷಮೆ ಕೇಳುವುದು ಬೇಡ.