ಐನೂರು ಜನಕ್ಕೆ ಕೆಲಸ ಕೊಡುವ ಆಸೆ

ಪ್ರಶ್ನೆ: ನಮ್ಮದು ನಂಜನಗೂಡು ಹತ್ತಿರದ ತಾಂಡ್ಯದ ಕಡೆ. ತಾತನಿಂದ ಬಂದ ಜಮೀನು ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಪರಿಹಾರದ ಹಣದಲ್ಲಿ ಮನೆ ಕಟ್ಟಿಸಿ ಉಳಿದದ್ದನ್ನು ಅಪ್ಪ ಬ್ಯಾಂಕಿನಲ್ಲಿ ಇಟ್ಟಿದ್ದಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ವಯಸ್ಸು ಇಪ್ಪತ್ತಾರು. ನನ್ನದೇ ಕಾರ್ಖಾನೆ ಕಟ್ಟಬೇಕು, ಅದೂ ಸಣ್ಣ ಶೆಡ್ ಅಲ್ಲ, ನಮ್ಮ ಸುತ್ತಲ ಹಳ್ಳಿಗಳ ಐನೂರು ಜನಕ್ಕೆ ಕೆಲಸ ಕೊಡುವಂಥದ್ದು. ಡಿಪಾಸಿಟ್ ಹಣ ಕೊಡಿ, ಕೆಲಸ ಬಿಡುತ್ತೇನೆ ಅಂದೆ. ಅಪ್ಪ, ‘ಹಾಸ್ಗೆ ಇದ್ದಷ್ಟು ಕಾಲು ಚಾಚು ಕನವ್ವ’ ಅಂದು ಎದ್ದುಹೋದರು. ಅವ್ವ ಮದುವೆ ಮಾತು ತೆಗೆದಳು. ತಮ್ಮ ಪಿಯುಸಿಯಲ್ಲಿದ್ದಾನೆ, ಅವನು ಏನೂ ಹೇಳಲಿಲ್ಲ. ನಾನು ಗೆದ್ದರೆ ಎಲ್ಲರಿಗೂ ಒಳ್ಳೆಯದೇ ಅಲ್ಲವೇ? ಇದು ದುರಾಸೆಯೇ?

ಉತ್ತರ: ದುರಾಸೆಯಲ್ಲ. ನಿಮ್ಮ ಜಮೀನಿದ್ದ ಜಾಗದಲ್ಲಿ ಬೇರೆಯವರು ಕಾರ್ಖಾನೆ ಕಟ್ಟಿದ್ದಾರೆ, ಅದರ ಗೇಟಿನೊಳಗೆ ಪಾಸು ತೋರಿಸಿ ಹೋಗಬೇಕಾದವರು ನೀವು. ನಾನೂ ಒಂದು ಕಟ್ಟಬೇಕು ಅನ್ನಿಸುವುದರಲ್ಲಿ ನ್ಯಾಯವಿದೆ. ಇದೇ ಆಸೆಯನ್ನು ನಿಮ್ಮ ತಮ್ಮ ಹೇಳಿದ್ದರೆ ಮನೆಯಲ್ಲಿ ಮದುವೆ ಮಾತು ಬರುತ್ತಿತ್ತೇ ಎಂಬ ಪ್ರಶ್ನೆ ನನಗೂ ಬಂತು. ಆಸೆಯ ಗಾತ್ರವನ್ನು ಕಡಿಮೆ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ತಡೆಯಿತು. ‘ನಾನು ಗೆದ್ದರೆ ಎಲ್ಲರಿಗೂ ಒಳ್ಳೆಯದೇ ಅಲ್ಲವೇ’ ಅಂದಿದ್ದೀರಿ. ಗೆಲ್ಲದಿದ್ದರೆ ಯಾರಿಗೆ ಎಷ್ಟು ನಷ್ಟ ಎಂದು ಒಂದು ಸಾಲೂ ಬರೆದಿಲ್ಲ. ದೊಡ್ಡ ಆಸೆ ಹೊತ್ತವರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಮುಂದೆಂದೋ ಬರುವ ಒಳಿತಿನ ಹೆಸರಲ್ಲಿ ಇವತ್ತು ಬೇರೆಯವರದ್ದನ್ನು ಖರ್ಚು ಮಾಡುವುದು ಅವರಿಗೆ ಸಲೀಸಾಗಿಬಿಡುತ್ತದೆ.

ಆ ಡಿಪಾಸಿಟ್ ಹಣ ಯಾರದು? ಜಮೀನು ತಾತನಿಂದ ಬಂದದ್ದು ಅಂತೀರಿ. ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಜಮೀನು ಹೋಗಿ ಹಣವಾಗಿ ಬಂದ ಮಾತ್ರಕ್ಕೆ ಆ ಹಕ್ಕು ಕರಗುವುದಿಲ್ಲ. ಹಾಗಾಗಿ ಅದು ಅಪ್ಪ ದಯವಿಟ್ಟು ಕೊಡಬೇಕಾದ ಹಣವಲ್ಲ, ನೀವು ಪೂರ್ತಿಯಾಗಿ ಕೇಳಬಹುದಾದ ಹಣವೂ ಅಲ್ಲ. ನಿಮ್ಮ ಪಾಲು ಎಷ್ಟೆಂದು ವಕೀಲರೊಬ್ಬರಿಂದ ಬಿಡಿಸಿ ತಿಳಿದುಕೊಳ್ಳಿ. ಸುಮ್ಮನೆ ಕೂತಿದ್ದ ಆ ತಮ್ಮನಿಗೂ ಅದರಲ್ಲಿ ಪಾಲಿದೆ. ಅವನ ಓದು, ಅಪ್ಪ-ಅವ್ವನ ಮುಪ್ಪು, ಇವುಗಳ ಮೇಲೆ ನೀವು ಪಣ ಕಟ್ಟುವಂತಿಲ್ಲ. ನಿಮ್ಮ ಪಾಲಿನ ಮೇಲೆ ಕಟ್ಟಬಹುದು.

ನಂಜನಗೂಡಿನ ಪಕ್ಕದ ತಾಲ್ಲೂಕಿನವರೇ ಆದ ಒಬ್ಬರ ವಿಷಯ ಹೇಳುತ್ತೇನೆ. ಪಿಟೀಲು ವಾದಕರಾದ ತಿರುಮಕೂಡಲಿನ ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿದ ಸಭಾಂಗಣಕ್ಕೆ ಅವರದೇ ಹೆಸರು. ಅವರದು ಧ್ವನಿವರ್ಧಕ ಇಲ್ಲದ ಕಾಲ. ಗಾಯಕರ ಪಕ್ಕದಲ್ಲಿ ಕೂತು ನುಡಿಸುವ ಪಿಟೀಲಿನ ದನಿ ಹಿಂದೆ ಕೂತವರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಚೌಡಯ್ಯ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಎಲ್ಲರೂ ಒಪ್ಪಿಕೊಂಡ ವಾದ್ಯವನ್ನೇ ಬದಲಿಸುತ್ತೇನೆ ಎಂದು ಹೊರಡುವುದು ಸಾಮಾನ್ಯ ಆಸೆಯಲ್ಲ. ತಂತಿ ಹೆಚ್ಚಿದಂತೆ ಶ್ರುತಿ ಕೂಡಿಸುವ ಕಷ್ಟವೂ ಹೆಚ್ಚು. ಶ್ರುತಿ ಕೆಟ್ಟರೆ ಹಾಳಾಗುವುದು ಅವರೊಬ್ಬರ ಹೆಸರಲ್ಲ, ಹಾಡುತ್ತಿರುವವರ ಕಚೇರಿ. ಆ ಹೊಣೆಯನ್ನು ಪ್ರತಿ ಸಂಜೆ ಹೊತ್ತುಕೊಂಡೇ ಅವರು ನುಡಿಸಿದರು. ಅದಕ್ಕೂ ಮೊದಲು, 1910ರಿಂದ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡಿದ್ದರು. ಆ ಗುರುವೂ ಹಾಡುಗಾರಿಕೆಯೊಂದಕ್ಕೇ ನಿಂತವರಲ್ಲ, ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರು. ಶಿಷ್ಯ ಮೈಸೂರಿನಲ್ಲೇ ಅಯ್ಯನಾರ್ ಸಂಗೀತ ಕಾಲೇಜು ತೆರೆದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು.

ಇದನ್ನು ಹೇಳಿದ್ದು ಒಂದು ಕಾರಣಕ್ಕೆ. ನಾಲ್ಕು ತಂತಿ ಕೈವಶವಾಗಿದ್ದರಿಂದ ಏಳರ ಆಸೆ ಅವರಿಗೆ ಒಪ್ಪಿತು. ನಿಮಗೆ ಕ್ವಾಲಿಟಿ ಗೊತ್ತು, ಯಾವ ಭಾಗ ಯಾಕೆ ರಿಜೆಕ್ಟ್ ಆಗುತ್ತದೆ ಎಂದು ನೋಡಿದೊಡನೆ ಹೇಳಬಲ್ಲಿರಿ. ಅದು ದೊಡ್ಡ ಬಂಡವಾಳ. ಆದರೆ ಒಂದು ಭಾಗಕ್ಕೆ ದರ ಹೇಗೆ ಕಟ್ಟುತ್ತಾರೆ, ಕೊಟೇಶನ್ ಹೇಗೆ ಕೊಡುತ್ತಾರೆ, ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ ಎಂಬುದು ಗೊತ್ತೇ? ಪತ್ರದಲ್ಲಿ ಅದರ ಸುಳಿವಿಲ್ಲ. ಕೆಲಸ ಬಿಡಬೇಡಿ. ಸಾಧ್ಯವಾದರೆ ಖರೀದಿ ವಿಭಾಗಕ್ಕೆ ವರ್ಗ ಕೇಳಿ. ಸಿಗದಿದ್ದರೆ, ನಿಮ್ಮ ಕಾರ್ಖಾನೆಗೆ ಜಾಬ್‌ವರ್ಕ್ ಮಾಡಿಕೊಡುವ ಸಣ್ಣ ಶೆಡ್ಡಿನವರೊಬ್ಬರನ್ನು ಪರಿಚಯ ಮಾಡಿಕೊಂಡು ಅವರ ತಿಂಗಳ ಲೆಕ್ಕ ಹೇಗೆ ನಡೆಯುತ್ತದೆ ಕೇಳಿ. ನೀವು ಹಗುರಾಗಿ ತಳ್ಳಿಹಾಕಿದ ಆ ಶೆಡ್ಡುಗಳಲ್ಲಿ ನಿಮಗೆ ಬೇಕಾದ ಪಾಠವಿದೆ.

ಸಣ್ಣ ಉದ್ಯಮಕ್ಕೆ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿ ಕೇಳಬಹುದು, ದೂರು ಕೊಡಬಹುದು. ಆದರೆ ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಹೊಸ ಶೆಡ್ಡಿನವರಿಗೆ ಇರುವುದಿಲ್ಲ. ಕೆಲಸಗಾರರ ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಕೊಡಲೇಬೇಕು. ಮೂರು ತಿಂಗಳ ಸಂಬಳದ ಹಣ ಬೇರೆ ಖಾತೆಯಲ್ಲಿ ಕೂರುವ ತನಕ ಮೊದಲ ಆಳನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಇದು ಕಾನೂನಲ್ಲ, ನನ್ನ ಕೋರಿಕೆ.

ಐನೂರು ಎಂಬ ಸಂಖ್ಯೆಗೆ ಬರೋಣ. ಹತ್ತು ಜನರಾದರೆ ಇಎಸ್‌ಐ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ. ಇಪ್ಪತ್ತಾದರೆ ಭವಿಷ್ಯನಿಧಿ. ಐವತ್ತಾದರೆ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ. ಇವನ್ನು ಇನ್‌ಸ್ಪೆಕ್ಟರ್ ಬಂದಾಗ ತೋರಿಸುವ ಕಾಗದವೆಂದು ನೋಡುವವರನ್ನು ನೀವೂ ಕಂಡಿರುತ್ತೀರಿ. ನಿಮ್ಮ ಆಸೆ ನಿಜವಾಗಿ ಆ ಐನೂರು ಜನರ ಸಲುವಾಗಿಯೇ ಆಗಿದ್ದರೆ, ಹತ್ತನೆಯವಳು ಸೇರುವ ದಿನವೇ ಅವಳ ಇಎಸ್‌ಐ ಸಂಖ್ಯೆ ಆಗಿರಬೇಕು. ಯಂತ್ರದ ಕೂಲೆಂಟು, ಹಳೆಯ ಆಯಿಲ್ಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಶೆಡ್ಡಿನ ನಕ್ಷೆಯಲ್ಲೇ ಬರೆಯಿಸಿ. ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ಕೆಳಗಿನ ಊರಿನವರಿಗೂ ಅದೇ ನೀರು.

ಸಾಲದ ವಿಚಾರ. ಸಣ್ಣ ಉದ್ಯಮದ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದಕ್ಕೂ ಹೆಚ್ಚಿನ ಸಾಲಕ್ಕೆ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ. ಸಹಾಯಧನದ ಯೋಜನೆಗಳಲ್ಲಿ ಈಗ ಯಾವುದು ಜಾರಿಯಲ್ಲಿದೆ ಎಂದು ಮೈಸೂರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಖುದ್ದಾಗಿ ಹೋಗಿ ಕೇಳಿ, ದಲ್ಲಾಳಿಯನ್ನು ಹಿಡಿಯಬೇಡಿ. ಹೊಸ ಮನೆಯ ಪತ್ರವನ್ನು ಮಾತ್ರ ಯಾರು ಹೇಳಿದರೂ ಅಡವಿಡಬೇಡಿ. ಒಮ್ಮೆ ನೆಲ ಹೋದ ಮನೆ ಅದು. ನಿಮ್ಮ ಅಪ್ಪ ಎದ್ದುಹೋದದ್ದು ನಿಮ್ಮ ಆಸೆ ಕೇಳಿಯಲ್ಲ, ಇನ್ನೊಮ್ಮೆ ಎಲ್ಲಾ ಹೋದೀತು ಎಂಬ ಭಯಕ್ಕೆ ಎಂದು ನನಗನ್ನಿಸುತ್ತದೆ.

ಅವರ ಮುಂದೆ ಮತ್ತೆ ಕೂರಿ. ಈ ಸಲ ಐನೂರರ ಮಾತಿಗಿಂತ ಮೊದಲು ಒಂದು ಹಾಳೆ ತೆಗೆದುಕೊಂಡು ಹೋಗಿ. ಬಾಡಿಗೆ ಶೆಡ್ಡು, ಒಂದು ಯಂತ್ರ, ನಾಲ್ಕು ಜನ, ತಿಂಗಳ ಖರ್ಚು, ನೀವು ಹಾಕುವ ಹಣ, ಎಷ್ಟು ನಷ್ಟವಾದರೆ ಬಾಗಿಲು ಹಾಕುತ್ತೀರಿ, ಎಲ್ಲವೂ ಅದರಲ್ಲಿ ಇರಲಿ. ಮದುವೆ ಯಾವಾಗ ಎಂಬುದನ್ನೂ ನೀವೇ ಸ್ಪಷ್ಟವಾಗಿ ಅವ್ವನಿಗೆ ಹೇಳಿಬಿಡಿ. ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವನ ಪಾಲು ಮುಟ್ಟುವುದಿಲ್ಲವೆಂದು ಅವನ ಎದುರಿಗೇ ಹೇಳಿ, ಅವನಿಗೇನು ಅನ್ನಿಸುತ್ತದೆ ಅಂತಲೂ ಕೇಳಿ.