ರೀಲು ಕೈಗೆ ತೆಗೆದುಕೊಳ್ಳುವ ಮುನ್ನ

ಹಳೇ ಫಿಲ್ಮುಗಳ ಸಂರಕ್ಷಣೆ ಕಲಿಸುವ ಕಾರ್ಯಾಗಾರಕ್ಕೆ ಅರ್ಜಿ ಹಾಕಿದ್ದೀಯ ಅಂತ ನಿಮ್ಮ ತಾತ ಹೇಳಿದರು. ಸಂತೋಷ ಆಯಿತಮ್ಮ. ಮದರಾಸಿನ ಲ್ಯಾಬಿನಲ್ಲಿ ಪ್ರಿಂಟ್ ಚೆಕ್ ಮಾಡಿಕೊಂಡು ಕಾಲ ಕಳೆದವನು ನಾನು, ಪಾಠ ಹೇಳುವಷ್ಟು ಓದಿದವನಲ್ಲ. ಆದರೂ ನೀನು ಹೊರಡುವ ಮೊದಲು ನಾಲ್ಕು ಮಾತು ಹೇಳಿಬಿಡಬೇಕು ಅನ್ನಿಸಿದೆ.

ನೀನು ಕಳಿಸಿದ ವಿಡಿಯೊ ನೋಡಿದೆ. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ನಡುವೆ ಜಾರುವ ಒಂದು ಗೆರೆ. ಗೆರೆ ದಾಟಿದ ಕೂಡಲೇ ಮುಖಗಳೆಲ್ಲ ಫಳಫಳ. ರಿಸ್ಟೋರೇಷನ್ ಅಂದರೆ ಇಷ್ಟೇ ಅಂದುಕೊಂಡು ಹೋದರೆ ಮೊದಲ ದಿನವೇ ನಿನಗೆ ಬೇಜಾರಾಗುತ್ತದೆ. ತುಕ್ಕು ಹಿಡಿದ ಡಬ್ಬಿ, ಹತ್ತಿಯ ಕೈಗವಸು, ಎರಡು ರಿವೈಂಡರ್ ಕೂರಿಸಿದ ಮೇಜು, ಅದರಡಿಯಲ್ಲೊಂದು ಬಿಳಿ ಲೈಟು, ಇವುಗಳ ಮುಂದೆ ಕೂರಿಸಿದರೆ ಮುಖ ಸಿಂಡರಿಸಬೇಡ. ಕಂಪ್ಯೂಟರು ಎಲ್ಲಿಗೂ ಓಡಿಹೋಗುವುದಿಲ್ಲ.

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಕೆಲಸ. ವಿನೆಗರ್ ಘಾಟು ಹೊಡೆಯಿತೋ, ಅದು ಅಸಿಟೇಟ್ ಫಿಲ್ಮು, ಕಾಯಿಲೆ ಶುರುವಾಗಿದೆ ಅಂತ ಲೆಕ್ಕ. ವಿನೆಗರ್ ಸಿಂಡ್ರೋಮ್ ಅನ್ನುತ್ತಾರೆ. ಫಿಲ್ಮಿನ ಬೇಸಿನಿಂದಲೇ ಹೊರಡುವ ಆಮ್ಲ ಅದೇ ಬೇಸನ್ನು ಇನ್ನಷ್ಟು ಕೆಡಿಸುತ್ತದೆ, ಪಕ್ಕದ ಡಬ್ಬಿಗೂ ಹರಡುತ್ತದೆ. ಹಾಗಾಗಿ ಮೊದಲು ಅದನ್ನು ಬೇರೆ ಕಪಾಟಿಗೆ ಸಾಗಿಸು. ಎಷ್ಟು ಮುಂದುವರಿದಿದೆ ಅಂತ ತಿಳಿಯಲು ಒಂದು ಕಾಗದದ ಪಟ್ಟಿ ಕೊಡುತ್ತಾರೆ. ನೀಲಿಯಾಗಿದ್ದದ್ದು ಆಮ್ಲ ತಾಗಿದಷ್ಟೂ ಹಸಿರಾಗಿ ಹಳದಿಗೆ ತಿರುಗುತ್ತದೆ. ನೈಟ್ರೇಟ್ ಫಿಲ್ಮಿನ ಮಾತೇ ಬೇರೆ. 1950ರ ಆಸುಪಾಸಿನವರೆಗೂ 35 ಎಂಎಂ ಚಿತ್ರಗಳೆಲ್ಲ ಹೆಚ್ಚುಕಡಿಮೆ ಅದರ ಮೇಲೇ ಇದ್ದವು. ಬೆಂಕಿ ಹತ್ತಿದರೆ ನೀರಿನೊಳಗೂ ಉರಿಯುತ್ತದೆ. 2003ರಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ನಮ್ಮ ದೇಶದ ಮೊದಮೊದಲ ಚಿತ್ರಗಳು ಎಷ್ಟೋ ಬೂದಿಯಾದವು. ಯಾವುದು ನೈಟ್ರೇಟ್, ಯಾವುದು ಅಸಿಟೇಟ್, ಯಾವುದು ಪಾಲಿಯೆಸ್ಟರ್ ಅಂತ ಗುರುತು ಹಿಡಿಯುವುದನ್ನು ಕಲಿಯದೆ ಬೇರೇನನ್ನೂ ಮುಟ್ಟಬೇಡ. ಸುತ್ತಿದ ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದು ಬಂದರೆ ಪಾಲಿಯೆಸ್ಟರ್, ಬರದಿದ್ದರೆ ಉಳಿದೆರಡರಲ್ಲಿ ಒಂದು.

ಆಮೇಲೆ ಬೆರಳು. ಫಿಲ್ಮಿಗೆ ಒಂದು ಬದಿ ಮಿರುಗು, ಒಂದು ಬದಿ ಮಂಕು. ಮಂಕಾದದ್ದು ಎಮಲ್ಷನ್, ಚಿತ್ರ ಇರುವುದು ಅಲ್ಲಿ. ಗೀರು ಕಂಡರೆ ಫಿಲ್ಮನ್ನು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದು ಯಾವ ಬದಿಯದು ಅಂತ ನೋಡು. ಮಿರುಗುವ ಬೆನ್ನಿನ ಮೇಲಿನದಾದರೆ ಹೆದರಬೇಕಿಲ್ಲ. ಸ್ಕ್ಯಾನ್ ಮಾಡುವಾಗ ವೆಟ್ ಗೇಟಿನ ದ್ರವ ಆ ಗೀರನ್ನು ತುಂಬಿ ಮರೆಮಾಡುತ್ತದೆ. ಎಮಲ್ಷನ್ ಬದಿಯದಾದರೆ ಅಲ್ಲಿದ್ದ ಚಿತ್ರವೇ ಹೋಗಿದೆ. ಅಂಚಿನ ತೂತುಗಳು ಹರಿದಿವೆಯೆ, ಜಾಯಿಂಟುಗಳು ಬಿಟ್ಟಿವೆಯೆ, ಫಿಲ್ಮು ಎಷ್ಟು ಕುಗ್ಗಿದೆ, ಎಲ್ಲ ಬರೆದುಕೋ. ಕೊಡಕ್ ಫಿಲ್ಮಿನ ಅಂಚಿನಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನ ಕಾಣುತ್ತವೆ. ಆ ಫಿಲ್ಮು ಯಾವ ವರ್ಷ ತಯಾರಾಯಿತು ಅನ್ನುವುದನ್ನು ಅವು ಹೇಳುತ್ತವೆ, ಚಿತ್ರ ಯಾವ ವರ್ಷ ತೆಗೆದದ್ದು ಅಂತ ಅಲ್ಲ. ಅದೇ ಗುರುತು ಎರಡು ದಶಕದ ಮೇಲೆ ಮತ್ತೆ ಬರುವುದರಿಂದ ಬರೀ ಅದನ್ನೇ ನಂಬಿ ರಿಜಿಸ್ಟರಿನಲ್ಲಿ ಇಸವಿ ಬರೆಯಬೇಡ. ಡಬ್ಬಿಯ ಮೇಲಿನ ಚೀಟಿಯನ್ನಂತೂ ನಂಬಲೇಬೇಡ. ಒಂದು ಚಿತ್ರದ ಹೆಸರಿನ ಡಬ್ಬಿಯಲ್ಲಿ ಇನ್ನೊಂದರ ಹಾಡಿನ ರೀಲು ಇರುವುದು ಲ್ಯಾಬಿನಲ್ಲಿ ಮಾಮೂಲು. ಚೀಟಿಯಲ್ಲಿ ಏನಿದೆ, ಒಳಗೆ ಏನಿದೆ, ಎರಡನ್ನೂ ಬೇರೆಬೇರೆಯಾಗಿ ಬರೆ.

ಯಾವುದನ್ನೂ ಎಸೆಯಬೇಡ. ಇದನ್ನು ಒತ್ತಿ ಹೇಳುತ್ತೇನೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕವು. ಸುಟ್ಟು, ಸುರುಟಿಕೊಂಡು, ಒಂದಕ್ಕೊಂದು ಅಂಟಿಹೋದ ತುಂಡುಗಳು ಮಾತ್ರ ಉಳಿದವು. ಆಗ ಯಾವ ಲ್ಯಾಬಿಗೂ ಅವುಗಳಿಂದ ಪ್ರಿಂಟ್ ತೆಗೆಯಲು ಆಗುವಂತಿರಲಿಲ್ಲ. ಆದರೂ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್‌ನವರು ಅವನ್ನು ಹಾಗೇ ಎತ್ತಿಟ್ಟರು. ಎರಡು ದಶಕ ಕಳೆದ ಮೇಲೆ ಇಟಲಿಯ ಬೊಲೊನ್ಯಾದ ‘ಲಿಮ್ಮಾಜಿನೆ ರಿಟ್ರೊವಾಟಾ’ ಲ್ಯಾಬಿನವರು ಅವಕ್ಕೆ ಮತ್ತೆ ತೇವ ಹಿಡಿಸಿ, ಬಿಡಿಸಿ, ಹರಿದ ಅಂಚುಗಳನ್ನು ಕೈಯಿಂದಲೇ ಕಟ್ಟಿ ಸ್ಕ್ಯಾನರಿಗೆ ಏರಿಸಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ಶೇಕಡ 40, ‘ಅಪರಾಜಿತೊ’ದ ಶೇಕಡ 60ಕ್ಕಿಂತ ಹೆಚ್ಚು ಭಾಗ ಆ ಸುಟ್ಟ ಮೂಲದಿಂದಲೇ ಸಿಕ್ಕಿತು. ಉಳಿದದ್ದನ್ನು ಬೇರೆ ಬೇರೆ ಕಡೆ ಇದ್ದ ಪ್ರತಿಗಳಿಂದ ತುಂಬಿಸಿದರು. 2015ರಲ್ಲಿ ಜನ ಅದನ್ನು ತೆರೆಯ ಮೇಲೆ ನೋಡಿದರು. ಸುಟ್ಟ ಚೂರುಗಳನ್ನು ಯಾರಾದರೂ ಕಸದ ಬುಟ್ಟಿಗೆ ಹಾಕಿದ್ದರೆ ಯಾವ ತಂತ್ರಜ್ಞಾನ ಬಂದು ಏನು ಪ್ರಯೋಜನ?

ನಮ್ಮ ಕಡೆ ಬುಟ್ಟಿಗೆ ಹಾಕಿದವರೇ ಹೆಚ್ಚು. ಬೆಳ್ಳಿಗಾಗಿ ಗುಜರಿಗೆ ಮಾರಿದರು. ಲ್ಯಾಬಿನ ಬಾಡಿಗೆ ಬಾಕಿ ಕಟ್ಟಲಾರದೆ ನೆಗೆಟಿವ್ ಬಿಟ್ಟು ಬಂದ ನಿರ್ಮಾಪಕರೂ ಉಂಟು. ಕೊಲ್ಲಾಪುರದಲ್ಲಿ ತೆಗೆದು 1934ರಲ್ಲಿ ಬಿಡುಗಡೆಯಾದ ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇವತ್ತು ಕೈಗೆ ಸಿಗುವುದಿಲ್ಲ. ಆದ್ದರಿಂದ ಚಿತ್ರದ ಜೊತೆಗೆ ಬರುವ ಹಾಡಿನ ಪುಸ್ತಕ, ಪೋಸ್ಟರು, ಸೆನ್ಸಾರ್ ಸ್ಕ್ರಿಪ್ಟು, ಇವನ್ನೂ ಕಾಗದದ ಕಸ ಅನ್ನಬೇಡ. ಪ್ರಿಂಟಿನಲ್ಲಿ ಒಂದು ದೃಶ್ಯ ಇಲ್ಲದಿದ್ದರೆ, ಅದು ಮೊದಲು ಇತ್ತು ಅನ್ನುವುದಕ್ಕೆ ಅವೇ ಸಾಕ್ಷಿ.

ಈಗ ಕಂಪ್ಯೂಟರ್ ಮಾತಿಗೆ ಬರೋಣ. ಸೆಕೆಂಡಿಗೆ 24 ಫ್ರೇಮು, ಅಡಿಗೆ 16 ಫ್ರೇಮು. ಎರಡೂವರೆ ಗಂಟೆಯ ಚಿತ್ರ ಅಂದರೆ 13,500 ಅಡಿ, 2,16,000 ಫ್ರೇಮು. ಅಷ್ಟನ್ನೂ ಕೈಯಲ್ಲಿ ತೊಳೆಯುತ್ತ ಕೂರಲಾಗದು, ಸಾಫ್ಟ್‌ವೇರು ಬೇಕೇ ಬೇಕು. ಆದರೆ ಒಂದೇ ಫ್ರೇಮಿನಲ್ಲಿ ಮಿಂಚಿ ಮರೆಯಾಗುವುದೆಲ್ಲ ಅದಕ್ಕೆ ಧೂಳಾಗಿಯೇ ಕಾಣುತ್ತದೆ. ಮಳೆಯ ಹನಿ, ಒಲೆಯಿಂದ ಸಿಡಿದ ಕಿಡಿ, ನಾಟ್ಯ ಮಾಡುವವಳ ಮೂಗುಬೊಟ್ಟಿನ ಹೊಳಪು, ದೂರದಲ್ಲಿ ಹಾರಿಹೋದ ಹಕ್ಕಿ, ಎಲ್ಲವನ್ನೂ ಒರೆಸಿಬಿಡುತ್ತದೆ. ಹಾಗಾಗಿ ಯಂತ್ರ ತೆಗೆದದ್ದನ್ನು ಮೂಲದ ಪಕ್ಕದಲ್ಲಿಟ್ಟು ಮತ್ತೆ ಒಬ್ಬರು ನೋಡಲೇಬೇಕು. ಆ ಒಬ್ಬಳು ನೀನಾಗುತ್ತೀಯ. ಚಿತ್ರದ ಮೇಲೆ ಮರಳಿನಂತೆ ಕಾಣುವ ಗ್ರೇನಿನ ಗೋಜಿಗಂತೂ ಹೋಗಬೇಡ. ಟಿವಿಯವರು ನುಣ್ಣಗಿರಲಿ ಅನ್ನುತ್ತಾರೆ. ಗ್ರೇನ್ ತೆಗೆದರೆ ನಟನ ಮುಖ ಮೇಣದ ಗೊಂಬೆಯಾಗುತ್ತದೆ. ಶೂಟಿಂಗ್ ದಿನವೇ ಕ್ಯಾಮೆರಾ ಗೇಟಿಗೆ ಸಿಕ್ಕಿಕೊಂಡ ಕೂದಲನ್ನು ತೆಗೆಯಬೇಕೆ ಬೇಡವೆ ಅಂತ ದೊಡ್ಡವರೇ ಜಗಳವಾಡುತ್ತಾರೆ. ನನ್ನ ಕೇಳಿದರೆ ಇರಲಿ ಬಿಡು. ಆ ಕೂದಲಿಲ್ಲದ ಚಿತ್ರವನ್ನು ಬಿಡುಗಡೆಯಾದಾಗಿನಿಂದ ಯಾರೂ ನೋಡಿಲ್ಲ.

ಬಣ್ಣ ಹಾಕುವ ವಿಷಯದಲ್ಲಿ ನಿಮ್ಮ ತಾತನಿಗೂ ನನಗೂ ಇನ್ನೂ ವಾದ ಮುಗಿದಿಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತೊಟ್ಟು ಬಂತು, ‘ಕಸ್ತೂರಿ ನಿವಾಸ’ 2014ರಲ್ಲಿ. ಜನ ಹೋದರು, ನೋಡಿದರು, ನಾನೂ ಹೋಗಿದ್ದೆ. ರಾಜ್‌ಕುಮಾರ್ ಅವರನ್ನು ದೊಡ್ಡ ತೆರೆಯ ಮೇಲೆ ಮತ್ತೆ ನೋಡುವ ಖುಷಿಗೆ ಹೋಗಬೇಡಿ ಅನ್ನಲಾರೆ. ಆದರೆ ಅದನ್ನು ರಿಸ್ಟೋರೇಷನ್ ಅಂತ ಕರೆದರೆ ಒಪ್ಪಲಾರೆ. ಹೊಯ್ಸಳರ ಕಲ್ಲಿನ ಕೆತ್ತನೆಗೆ ಎನಾಮಲ್ ಪೇಂಟು ಬಳಿದು ಜೀರ್ಣೋದ್ಧಾರ ಅಂದ ಹಾಗೆ ಅದು. ಪೇಂಟು ಹೋಗುವುದಿಲ್ಲ, ಇಲ್ಲಿ ಮಾತ್ರ ಕಪ್ಪು ಬಿಳುಪಿನ ಮೂಲ ಬೇರೆಯಾಗಿ ಉಳಿಯಲು ಸಾಧ್ಯ ಅನ್ನುವುದೊಂದೇ ಸಮಾಧಾನ. ಉಳಿಸಿದ್ದಾರೆಯೆ ಅಂತ ಕೇಳುವುದು ನಿನ್ನ ಕೆಲಸ.

ಇದಕ್ಕೆ ಪ್ರತಿಯಾಗಿ ‘ಘಟಶ್ರಾದ್ಧ’ ನೋಡು. 1977ರ ಚಿತ್ರ, ಗಿರೀಶ ಕಾಸರವಳ್ಳಿಯವರದು. ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಮಾರ್ಟಿನ್ ಸ್ಕಾರ್ಸೇಸಿಯವರ ಫಿಲ್ಮ್ ಫೌಂಡೇಷನ್ನು ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸೇರಿ ಅದೇ ಬೊಲೊನ್ಯಾ ಲ್ಯಾಬಿನಲ್ಲಿ ಕೆಲಸ ಮಾಡಿಸಿದರು. 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಛಾಯಾಗ್ರಾಹಕ ಎಸ್. ರಾಮಚಂದ್ರ ಆಗಲೇ ತೀರಿಕೊಂಡಿದ್ದರು. ಇಂಥ ಚಿತ್ರದ ಬೆಳಕು ನೆರಳು ಹೊಂದಿಸುವ ಗ್ರೇಡಿಂಗ್ ಮಾಡಲು ಕೂತವರಿಗೆ ಕತ್ತಲೆಯನ್ನು ಸ್ವಲ್ಪ ಬೆಳಗಿಸೋಣ, ಆ ಮೂಲೆಯೂ ಕಾಣಲಿ ಅನ್ನುವ ಆಸೆ ಬರುತ್ತದೆ. ಕ್ಯಾಮೆರಾದವರು ಬೇಕೆಂದೇ ಬಿಟ್ಟ ಕತ್ತಲೆ ಅದು. ಅವರಿಲ್ಲದಿದ್ದರೆ ನಿರ್ದೇಶಕರನ್ನು ಕೇಳು, ಅವರೂ ಇಲ್ಲದಿದ್ದರೆ ಆ ಕಾಲದ ಒಳ್ಳೆಯ ಪ್ರಿಂಟೊಂದನ್ನು ಹುಡುಕಿ ಪಕ್ಕದಲ್ಲಿಟ್ಟುಕೋ. ಧ್ವನಿಗೂ ಇದೇ ಮಾತು: ಹಿಸ್ಸೆನ್ನುವ ಸದ್ದು ಪೂರ್ತಿ ತೆಗೆಯಲು ಹೋದರೆ ಮಾತಿನ ಉಸಿರೂ ಹೋಗುತ್ತದೆ.

ಕಲಿಯುವ ಜಾಗಗಳ ಬಗ್ಗೆ ನೀನು ಕೇಳಿದ್ದೆ. ಫಿಲ್ಮ್ ಹೆರಿಟೇಜ್ ಫೌಂಡೇಷನ್‌ನವರು ಆರ್ಕೈವ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಫ್ ಜೊತೆ ಸೇರಿ 2015ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಕಾರ್ಯಾಗಾರ ಆಮೇಲೆ ಪುಣೆ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ಅಂತ ಊರೂರು ತಿರುಗಿದೆ. ಹೊರದೇಶಗಳಿಂದ ಪರಿಣತರು ಬಂದು ಕೈ ಹಿಡಿದು ಕಲಿಸುತ್ತಾರೆ. ಇನ್ನೂ ಓದಬೇಕೆನಿಸಿದರೆ ಬೊಲೊನ್ಯಾದಲ್ಲಿ ಫಿಯಾಫ್‌ನ ಬೇಸಿಗೆ ಶಾಲೆಯಿದೆ, ಅಮೆರಿಕದ ರಾಚೆಸ್ಟರಿನಲ್ಲಿ ಸೆಲ್ಜ್‌ನಿಕ್ ಶಾಲೆ 1996ರಿಂದ ಇದೆ. ಆದರೆ ಅಲ್ಲಿಯ ಪುಸ್ತಕ ನಮ್ಮ ಮಂಗಳೂರಿನ ಮಳೆಗಾಲ ನೋಡಿ ಬರೆದದ್ದಲ್ಲ. ಶೇಕಡ 30ರಿಂದ 50ರೊಳಗೆ ತೇವ ಇರಬೇಕು ಅನ್ನುವುದು ಸರಿ; ಆಷಾಢದಲ್ಲಿ ಕರೆಂಟು ಹೋದಾಗ ಏನು ಮಾಡುತ್ತೀರಿ ಅಂತ ಅವರನ್ನೇ ಕೇಳು. ತಣ್ಣನೆಯ ಕೋಣೆಯಿಂದ ತಂದ ಡಬ್ಬಿಯನ್ನು ತಕ್ಷಣ ತೆರೆಯಬಾರದು, ಹೊರಗಿನ ಶಾಖಕ್ಕೆ ಹೊಂದುವವರೆಗೂ ಬಿಡಬೇಕು, ಇಲ್ಲದಿದ್ದರೆ ಒಳಗೆ ನೀರು ಕಟ್ಟುತ್ತದೆ. ಸ್ಕ್ಯಾನ್ ಮುಗಿದ ಮೇಲೆ ಇನ್ನು ಫಿಲ್ಮು ಯಾಕೆ ಅನ್ನುವವರು ಸಿಗುತ್ತಾರೆ. ಚೆನ್ನಾಗಿಟ್ಟ ಕಪ್ಪು ಬಿಳುಪಿನ ನೆಗೆಟಿವ್ ನೂರು ವರ್ಷ ಬಾಳುತ್ತದೆ. ಫೈಲು ತುಂಬಿದ ಟೇಪನ್ನು ಕೆಲವೇ ವರ್ಷಕ್ಕೊಮ್ಮೆ ಹೊಸ ಟೇಪಿಗೆ ವರ್ಗಾಯಿಸದಿದ್ದರೆ ಅದನ್ನು ಓದುವ ಡ್ರೈವೇ ಸಿಗುವುದಿಲ್ಲ.

ಇನ್ನು ಹೊಟ್ಟೆಪಾಡು. ಸುಳ್ಳು ಹೇಳುವುದಿಲ್ಲ, ನಮ್ಮ ದೇಶದಲ್ಲಿ ಈ ಕೆಲಸದ ಜಾಗಗಳು ಕಡಿಮೆ. ಚೆನ್ನೈ, ಮುಂಬೈಯ ಕಂಪನಿಗಳಲ್ಲಿ ಫ್ರೇಮ್ ತೊಳೆಯುವ ಕೆಲಸ ಸಿಗುತ್ತದೆ. ಶಿಫ್ಟು, ಟಾರ್ಗೆಟ್ಟು, ಕಣ್ಣುನೋವು ಎಲ್ಲ ಜೊತೆಗೇ ಬರುತ್ತವೆ. ಒಂದೆರಡು ವರ್ಷ ಅದನ್ನೂ ಮಾಡು, ಕಣ್ಣು ಪಳಗುತ್ತದೆ. ಆದರೆ ಸೇರುವಾಗ ಸಂಬಳದ ಜೊತೆಗೆ ಎರಡು ಪ್ರಶ್ನೆ ಕೇಳು: ಸ್ಕ್ಯಾನ್ ಮಾಡುವುದು ನೆಗೆಟಿವ್‌ನಿಂದಲೋ, ಸಿಕ್ಕ ಪ್ರಿಂಟಿನಿಂದಲೋ? ಕೆಲಸ ಮುಗಿದ ಮೇಲೆ ಆ ರೀಲು ಯಾರ ಬಳಿ ಹೋಗುತ್ತದೆ? ಎರಡನೆಯದಕ್ಕೆ ಉತ್ತರ ಕೊಡದೆ ನುಣುಚಿಕೊಂಡರೆ ಬೇರೆ ಕಡೆ ನೋಡಿಕೊಳ್ಳಮ್ಮ.