ಯಾರದೋ ಸಂಕಟ, ನಮ್ಮ ಕಾಲಕ್ಷೇಪ

ಮಕ್ಕಳೇ,

2016ರ ನವೆಂಬರ್ 7ರಂದು ನೀವಿನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಿ. ಅಂದು ಬೆಂಗಳೂರಿನ ಹೊರಗಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಸಿನಿಮಾದ ಸಾಹಸದೃಶ್ಯದ ಚಿತ್ರೀಕರಣ ನಡೆಯುತ್ತಿತ್ತು. ನೀರಿನ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ನಾಯಕ ನಟ, ಅವರ ಜೊತೆಗೆ ಖಳನಟರಾದ ಅನಿಲ್ ಮತ್ತು ಉದಯ್ ಅದರಿಂದ ಕೆಳಗೆ ಹಾರಿದರು. ನಾಯಕ ನಟ ಬದುಕಿ ದಡ ಸೇರಿದರು. ಅನಿಲ್ ಮತ್ತು ಉದಯ್ ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜು ಚೆನ್ನಾಗಿ ಬರುವುದಿಲ್ಲವೆಂಬ ಮಾತು ಹಾರುವ ಮೊದಲೇ ಟಿವಿಯವರ ಮೈಕಿನ ಮುಂದೆ ಬಂದಿತ್ತು. ಇಬ್ಬರೂ ಒಂದಷ್ಟು ಹೊತ್ತು ಕೈ ಬಡಿದರು, ಮುಳುಗಿದರು. ಅವರ ದೇಹ ಸಿಕ್ಕಲು ದಿನಗಳೇ ಹಿಡಿದವು.

ಆ ದೃಶ್ಯ ಅಂದು ಸಂಜೆಯಿಂದ ನಾಡಿನ ಮನೆಮನೆಯಲ್ಲಿ ಮತ್ತೆ ಮತ್ತೆ ಓಡಿತು. ಹಾರುತ್ತಾರೆ, ನೀರು ಚಿಮ್ಮುತ್ತದೆ, ತಲೆ ಕಾಣುತ್ತದೆ, ಕಾಣದಾಗುತ್ತದೆ, ಪುನಃ ಹಾರುತ್ತಾರೆ. ನೋಡಿದವರು ಯಾರು? ನಾನು, ನಿಮ್ಮ ಅಪ್ಪ ಅಮ್ಮ, ಅಂಗಡಿಯವರು, ಬಸ್ಸಿಗೆ ಕಾದವರು. ಯಾರೂ ಕಟುಕರಲ್ಲ. ಆದರೂ ಕಣ್ಣು ಕೀಳಲಾಗಲಿಲ್ಲ. ಮರುವರ್ಷ ಸಿನಿಮಾ ಬಿಡುಗಡೆಯಾಯಿತು, ಜನ ಟಿಕೆಟ್ ಕೊಂಡು ನೋಡಿದರು. ಇಂದಿಗೂ ಆ ತುಣುಕು ಮೊಬೈಲಿನಲ್ಲಿ ಸಿಗುತ್ತದೆ. ನಿಮ್ಮಲ್ಲಿ ಅನೇಕರು ನೋಡಿಯೂ ಇರುತ್ತೀರಿ.

ಬೇರೆಯವರ ಅಪಾಯ, ಬೇರೆಯವರ ದುರಂತ ನಮ್ಮನ್ನು ಹೀಗೆ ಹಿಡಿದು ಕೂರಿಸುವುದು ಏಕೆ? ಇದನ್ನು ನಿಮ್ಮೊಡನೆ ಕುಳಿತು ಮಾತಾಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಿಮ್ಮ ಕೈಯಲ್ಲಿರುವ ಫೋನು ನಮ್ಮ ಕಾಲದ ಟಿವಿಗಿಂತ ನೂರು ಪಾಲು ಹೆಚ್ಚು ಇಂಥದ್ದನ್ನು ಬಡಿಸುತ್ತಿದೆ. ಸಿಸಿಟಿವಿಯಲ್ಲಿ ಸೆರೆಯಾದ ಅಪಘಾತ, ಜಲಪಾತದ ಅಂಚಿನಲ್ಲಿ ಕಾಲು ಜಾರಿದವನು, ಬೀದಿಯಲ್ಲಿ ಹೊಡೆತ ತಿನ್ನುವವನು... ಒಂದನ್ನು ಪೂರ್ತಿ ನೋಡಿದರೆ ಸಾಕು, ಅಂಥದೇ ಹತ್ತು ತಾವಾಗಿಯೇ ಬಂದು ನಿಲ್ಲುತ್ತವೆ.

ಈ ಸೆಳೆತ ಹೊಸದಲ್ಲ, ನಿಮ್ಮ ತಲೆಮಾರಿನ ದೋಷವೂ ಅಲ್ಲ. ನಡುಗಡಲಲ್ಲಿ ಬಿರುಗಾಳಿಗೆ ಸಿಕ್ಕವರನ್ನು ದಡದಲ್ಲಿ ನಿಂತು ನೋಡುವುದರಲ್ಲಿ ಒಂದು ಬಗೆಯ ಹಿತವಿದೆ ಎಂದು ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಬರೆದ. ಅವರು ನರಳುತ್ತಿದ್ದಾರೆಂದಲ್ಲ, ಆ ಕಷ್ಟ ತನಗಿಲ್ಲವಲ್ಲ ಎಂಬ ಹಿತ. ಫ್ರಾನ್ಸಿನಲ್ಲಿ 1939ರವರೆಗೂ ಮರಣದಂಡನೆ ಬಹಿರಂಗವಾಗಿಯೇ ನಡೆಯುತ್ತಿತ್ತು. ಆ ವರ್ಷ ವರ್ಸೈನಲ್ಲಿ ಒಬ್ಬ ಕೊಲೆಗಾರನ ತಲೆ ಕಡಿಯುವುದನ್ನು ನೋಡಲು ಜನ ಮುಗಿಬಿದ್ದರು, ಫೋಟೊ ತೆಗೆದರು, ಕದ್ದು ಚಿತ್ರೀಕರಿಸಿದರು. ಸರ್ಕಾರ ನಾಚಿ ಅಂದಿನಿಂದ ಅದನ್ನು ಜೈಲಿನ ಗೋಡೆಯ ಒಳಕ್ಕೆ ಸರಿಸಿತು.

ದೇಹಕ್ಕೂ ಇದರಲ್ಲಿ ಪಾಲಿದೆ. ಅಪಾಯ ಎಲ್ಲಿದೆಯೋ ಅಲ್ಲಿಗೆ ಕಣ್ಣು ಮೊದಲು ಹೋಗದಿದ್ದರೆ ನಮ್ಮ ಪೂರ್ವಿಕರು ಉಳಿಯುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಝಿನ್ ಇನ್ನೊಂದು ಸಂಗತಿ ಹೇಳುತ್ತಾರೆ. ಖಾರದ ಮೆಣಸಿನಕಾಯಿ ತಿಂದು ಕಣ್ಣಲ್ಲಿ ನೀರು ಬಂದರೂ ಮತ್ತೆ ತಿನ್ನುತ್ತೇವೆ. ಅಳಿಸುವ ಸಿನಿಮಾ, ಹೆದರಿಸುವ ಸಿನಿಮಾ ಹುಡುಕಿಕೊಂಡು ಹೋಗುತ್ತೇವೆ. ಮೈ ‘ಅಪಾಯ’ ಎಂದು ಕೂಗುತ್ತಿರುತ್ತದೆ, ಮನಸ್ಸಿಗೆ ಮಾತ್ರ ನಿಜವಾದ ಅಪಾಯವಿಲ್ಲವೆಂದು ಗೊತ್ತಿರುತ್ತದೆ. ಆ ಗೊತ್ತಿರುವಿಕೆಯೇ ಸುಖ. ಬ್ಯಾಡಗಿ, ಗುಂಟೂರು ಎಂದು ಆರಿಸಿ ಖಾರ ತಿನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಭಯದ ಕಥೆ, ಶೋಕದ ಕಥೆ ನೋಡುವುದೇ ತಪ್ಪೇ? ಖಂಡಿತ ಅಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳುವಾಗ ಕರುಣ, ಭಯಾನಕ, ಬೀಭತ್ಸಗಳನ್ನೂ ಶೃಂಗಾರ, ವೀರಗಳ ಸಾಲಿನಲ್ಲೇ ಕೂರಿಸಿದ. ಅಳುವುದರಲ್ಲಿ ಆನಂದವೇನು ಎಂಬ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸಕರು ತಲೆತಲಾಂತರ ಚರ್ಚಿಸಿದರು. ಕಾಶ್ಮೀರದ ಅಭಿನವಗುಪ್ತ ಕೊಟ್ಟ ಉತ್ತರ ನನಗೆ ಇಂದಿಗೂ ಸರಿಯೆನಿಸುತ್ತದೆ. ರಂಗದ ಮೇಲಿನ ಶೋಕ ಇಂಥವರದೇ ಎಂಬ ಕಟ್ಟಿನಿಂದ ಬಿಡಿಸಿಕೊಂಡಿರುತ್ತದೆ. ಅದು ನಟನದಲ್ಲ, ನನ್ನದಲ್ಲ, ನೆರೆಯವನದಲ್ಲ. ಆದ್ದರಿಂದಲೇ ಎಲ್ಲರದೂ ಆಗಬಲ್ಲದು. ಹರಿಶ್ಚಂದ್ರನ ಕಥೆಯಲ್ಲಿ ಚಂದ್ರಮತಿ ಮಸಣದಲ್ಲಿ ಮಗ ಲೋಹಿತಾಶ್ವನ ದೇಹ ಮಡಿಲಲ್ಲಿಟ್ಟುಕೊಂಡು ಅತ್ತಾಗ ಆಟ ನೋಡುವ ಹಳ್ಳಿಗೆ ಹಳ್ಳಿಯೇ ಅಳುತ್ತಿತ್ತು. ಅಲ್ಲಿ ಯಾರ ನಿಜವಾದ ಮಗುವೂ ಸತ್ತಿರಲಿಲ್ಲ. ಬಾಲಕ ಗಾಂಧಿ ಹರಿಶ್ಚಂದ್ರ ನಾಟಕ ನೋಡಿ ಅತ್ತದ್ದನ್ನು, ಎಲ್ಲರೂ ಏಕೆ ಹರಿಶ್ಚಂದ್ರನಂತೆ ಸತ್ಯವಂತರಾಗಬಾರದು ಎಂದು ಹಗಲಿರುಳು ಚಿಂತಿಸಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂಥ ಕಣ್ಣೀರು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಕಥೆ ಓದಿ, ನಾಟಕ ನೋಡಿ, ಯಕ್ಷಗಾನ ನೋಡಿ, ದೆವ್ವದ ಸಿನಿಮಾ ಬೇಕಾದರೂ ನೋಡಿ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಅಡ್ಡಿ ಇರುವುದು ಬೇರೆಡೆ. ತಿಪ್ಪಗೊಂಡನಹಳ್ಳಿಯ ನೀರಿನಲ್ಲಿ ಕೈ ಬಡಿದವರು ಪಾತ್ರಗಳಾಗಿರಲಿಲ್ಲ. ಆ ಶೋಕಕ್ಕೆ ಹೆಸರಿದೆ, ಊರಿದೆ, ಹೆತ್ತವರಿದ್ದಾರೆ. ಅದನ್ನು ರಂಗದ ಮೇಲಿನ ಶೋಕದಂತೆ ಸವಿಯುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಆದರೆ ಪರದೆ ಈ ಎರಡನ್ನೂ ಒಂದೇ ಅಳತೆಯ ಚೌಕಟ್ಟಿನಲ್ಲಿ ತಂದಿಡುತ್ತದೆ. ನಿಜವಾದ ಸಾವಿಗೆ ಹಿನ್ನೆಲೆ ಸಂಗೀತ ಹಾಕುತ್ತಾರೆ, ಬೀಳುವ ಕ್ಷಣವನ್ನು ನಿಧಾನಗತಿಗೆ ಇಳಿಸುತ್ತಾರೆ, ಬೀಳುತ್ತಿರುವವರ ಸುತ್ತ ಕೆಂಪು ವೃತ್ತ ಬರೆಯುತ್ತಾರೆ, ‘ಬ್ರೇಕ್ ನಂತರ ನೋಡಿ’ ಎಂದು ಕಾಯಿಸುತ್ತಾರೆ. ಜನ ಕೇಳುತ್ತಾರೆ, ಕೊಡುತ್ತೇವೆ ಎಂಬುದು ಅವರ ವಾದ. ಈ ವಾದವನ್ನು ನಾನು ಒಪ್ಪುವುದಿಲ್ಲ. ಕಣ್ಣು ಸೆಳೆಯುವುದೆಲ್ಲ ಮನಸ್ಸು ಕೇಳಿದ್ದಲ್ಲ.

ಐರಿಷ್ ಮೂಲದ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಒಂದು ಊಹೆ ಮಾಡುತ್ತಾನೆ. ಅತ್ಯುತ್ತಮ ದುರಂತ ನಾಟಕ, ಅತ್ಯುತ್ತಮ ನಟರು, ಭರ್ತಿಯಾದ ರಂಗಮಂದಿರ. ಅಷ್ಟರಲ್ಲಿ ಪಕ್ಕದ ಚೌಕದಲ್ಲಿ ಒಬ್ಬ ದೊಡ್ಡ ಮನುಷ್ಯನ ತಲೆದಂಡವಾಗಲಿದೆ ಎಂದು ಸುದ್ದಿ ಬಂದರೆ? ಒಂದೇ ಗಳಿಗೆಯಲ್ಲಿ ರಂಗಮಂದಿರ ಖಾಲಿ. ಈ ಊಹೆಯನ್ನು ಬಹಳ ಜನ ಎತ್ತಿ ಹೇಳುತ್ತಾರೆ. ಬರ್ಕ್ ಅದರ ಪಕ್ಕದಲ್ಲೇ ಹೇಳಿದ ಮಾತು ಅದಕ್ಕಿಂತ ದೊಡ್ಡದು. ಇನ್ನೊಬ್ಬರ ಸಂಕಟದಿಂದ ನಾವು ದೂರ ಓಡದಿರಲೆಂದು ನಮ್ಮಲ್ಲಿ ಆ ಸೆಳೆತವಿದೆ. ಹತ್ತಿರ ಹೋದ ಮೇಲೆ ನಮಗೂ ನೋವಾಗುತ್ತದೆ. ಆ ನೋವು ಕಳೆದುಕೊಳ್ಳಲು ನಾವು ಅವರ ನೋವನ್ನು ಕಳೆಯಲು ಮುಂದಾಗುತ್ತೇವೆ ಎಂಬುದು ಅವನ ವಿಚಾರ. ನಾನು ನಿಮಗೆ ಹೇಳಬೇಕೆಂದುಕೊಂಡದ್ದು ಇದನ್ನೇ. ಬಿದ್ದವರತ್ತ ಕಣ್ಣು ಹೋಗುವುದು ಅವರನ್ನು ಎತ್ತಲಿಕ್ಕೆ. ಪರದೆಯ ಮುಂದೆ ಕಣ್ಣು ಹೋಗುತ್ತದೆ, ಕೈ ಹೋಗುವುದಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ವರ್ಷಗಟ್ಟಲೆ ಹೀಗೆ ನೋಡುತ್ತ ಕೂತರೆ, ಬಿದ್ದವರು ಕಣ್ಣೆದುರೇ ಇದ್ದಾಗಲೂ ಕೈ ಮುಂದೆ ಬರುವುದಿಲ್ಲ.

2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಆದದ್ದು ಅದೇ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹದಿಹರೆಯದ ಹುಡುಗನಿಗೆ ಬಸ್ಸು ಬಡಿಯಿತು. ಹುಡುಗ ರಸ್ತೆಯ ಮೇಲೆ ರಕ್ತದ ನಡುವೆ ಬಿದ್ದು, ತಲೆಯೆತ್ತಿ, ಕಾಪಾಡಿ ಎಂದು ಬೇಡುತ್ತಿದ್ದ. ಸುತ್ತ ಜನ ಸೇರಿದರು. ಅನೇಕರ ಕೈಯಲ್ಲಿ ಫೋನಿತ್ತು, ಕ್ಯಾಮೆರಾ ಓಡುತ್ತಿತ್ತು. ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು, ಹುಡುಗ ಉಳಿಯಲಿಲ್ಲ. ನಿಮ್ಮ ವಯಸ್ಸಿನವನು. ಅಲ್ಲಿ ನಿಂತವರೂ ನಮ್ಮಂಥವರೇ. ಆ ಕ್ಷಣದಲ್ಲಿ ಅವರ ಕಣ್ಣಿಗೆ ಅವನು ನೆರೆಯ ಹುಡುಗನಾಗಿ ಕಾಣಲಿಲ್ಲ, ದೃಶ್ಯವಾಗಿ ಕಂಡ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ.

ಪೊಲೀಸು, ಕೋರ್ಟು ಎಂಬ ಭಯವೂ ಕೆಲವರನ್ನು ತಡೆಯುತ್ತದೆಂದು ಬಲ್ಲೆ. ಆ ಭಯ ಈಗ ಬೇಡ. ನೆರವಿಗೆ ಬಂದವರನ್ನು ಸತಾಯಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿತು. ದೇಶದಲ್ಲೇ ಮೊದಲು ಇಂಥವರ ರಕ್ಷಣೆಗೆ ಕಾಯ್ದೆ ಮಾಡಿದ್ದು ನಮ್ಮ ಕರ್ನಾಟಕ. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಕಲಮು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ನೀವು ಹೊರಟುಹೋಗಬಹುದು, ಹೆಸರು ಹೇಳಲೇಬೇಕೆಂದಿಲ್ಲ. ವಿಡಿಯೋ ಗುಂಡಿ ಒತ್ತುವಷ್ಟೇ ಹೊತ್ತು 108 ಒತ್ತಲೂ ಸಾಕು.

ದೂರದಲ್ಲಿ ಕೂತು ನೋಡುವುದರಿಂದ ನೋಡುವವರಿಗೇನೂ ಆಗದು ಎಂದುಕೊಳ್ಳಬೇಡಿ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿದ ಮೇಲೆ ಕ್ಯಾಲಿಫೋರ್ನಿಯಾದ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ಮರುವಾರ ದಿನಕ್ಕೆ ಆರು ಗಂಟೆ, ಅದಕ್ಕೂ ಹೆಚ್ಚು ಆ ಸುದ್ದಿಯನ್ನೇ ನೋಡುತ್ತ ಕೂತವರಲ್ಲಿ ಕಂಡ ಮಾನಸಿಕ ಒತ್ತಡ, ಸ್ಫೋಟದ ಜಾಗದಲ್ಲೇ ಇದ್ದವರ ಒತ್ತಡಕ್ಕಿಂತ ಹೆಚ್ಚಾಗಿತ್ತು! ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಒಂದರ ಮೇಲೊಂದು ನೋಡಿದ್ದು ಎಲ್ಲೂ ಹೋಗುವುದಿಲ್ಲ, ಒಳಗೇ ಇರುತ್ತದೆ.

ಇನ್ನು ಮಕ್ಕಳು ಬೀಳುವ ಕೊಳವೆಬಾವಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ನಾಡಿನ ಮಟ್ಟಿಗೆ ಈ ವಿಷಯದ ತಿರುಳು ಅಲ್ಲಿದೆ. 2006ರಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಳ್ಳಿಯಲ್ಲಿ ಐದು ವರ್ಷದ ಮಗು ಕೊಳವೆಬಾವಿಗೆ ಬಿತ್ತು. ಸುಮಾರು 50 ಗಂಟೆ ದೇಶವೇ ಟಿವಿ ಮುಂದೆ ಕೂತಿತು, ಸೇನೆಯವರು ಮಗುವನ್ನು ಜೀವಂತ ಎತ್ತಿದರು. ಇಂಥ ದುರಂತಗಳನ್ನು ಕಂಡು 2010ರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿ ಕೊಟ್ಟಿತು. ಕೊರೆಯುವಾಗ ಸುತ್ತ ಬೇಲಿ ಇರಬೇಕು, ಕೇಸಿಂಗ್ ಪೈಪಿಗೆ ಭದ್ರ ಮುಚ್ಚಳ ಇರಬೇಕು, ಬಿಟ್ಟ ಬಾವಿಯನ್ನು ಮಣ್ಣು ಕಲ್ಲು ತುಂಬಿ ಮುಚ್ಚಬೇಕು. ಆಮೇಲೂ 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಮಕ್ಕಳು ಬಿದ್ದರು, ಉಳಿಯಲಿಲ್ಲ.

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ತುಂಬದ ಕೂಸು ತಲೆಕೆಳಗಾಗಿ ಸಿಕ್ಕಿಕೊಂಡಿತು. ಒಳಗಿಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗಾಡುವುದು ಕಂಡಿತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಬಂಡೆ ಒಡೆದು, ಸುಮಾರು 20 ಗಂಟೆಯ ಮೇಲೆ ಜೀವಂತ ಹೊರತೆಗೆದರು. ಅಂದು ಟಿವಿ ಮುಂದೆ ದೇವರಿಗೆ ಹರಕೆ ಹೊತ್ತವರನ್ನು, ಮಗು ಬದುಕಿತೆಂದು ಅತ್ತವರನ್ನು ನಾನು ಬಲ್ಲೆ. ಆ ನೋಟದಲ್ಲಿ ಪ್ರೀತಿಯೇ ಇತ್ತು, ಅದನ್ನು ಹಗುರ ಮಾಡಲಾರೆ. ಆದರೆ ಕ್ಯಾಮೆರಾ ಊರು ಬಿಟ್ಟ ಮರುದಿನ ಎಷ್ಟು ಮಂದಿ ಎದ್ದು ಹೋಗಿ ತಮ್ಮ ಹೊಲದ ಬಾವಿಯನ್ನು ನೋಡಿಬಂದರು? ಮುಚ್ಚಳ ಬಿಗಿಯುವುದನ್ನು ಯಾವ ವಾಹಿನಿಯೂ ನೇರಪ್ರಸಾರ ಮಾಡುವುದಿಲ್ಲ. ಅದರಲ್ಲಿ ಮೈನವಿರೇಳಿಸುವಂಥದ್ದು ಏನೂ ಇಲ್ಲ. ಮಗುವನ್ನು ಉಳಿಸುವುದು ಮಾತ್ರ ಅದೇ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಫೋನನ್ನು ಎಸೆಯಿರಿ ಎನ್ನುವುದಿಲ್ಲ. ಯಾರದಾದರೂ ನಿಜವಾದ ಸಾವು ನೋವಿನ ತುಣುಕು ಬಂದಾಗ ಒಂದು ಕ್ಷಣ ತಡೆದು, ಇದರಲ್ಲಿ ನಾನು ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ನೋಡಿ. ಇದ್ದರೆ ಮಾಡಿ: ರಕ್ತ ಕೊಡುವುದಿರಲಿ, ನೆರೆ ಸಂತ್ರಸ್ತರಿಗೆ ಅಕ್ಕಿ, ಬಟ್ಟೆ ಕಳಿಸುವುದಿರಲಿ. ಇಲ್ಲದಿದ್ದರೆ ಸುದ್ದಿಯನ್ನು ಎರಡು ಸಾಲಿನಲ್ಲಿ ಓದಿ ತಿಳಿದುಕೊಳ್ಳಿ, ದೃಶ್ಯವನ್ನು ಬಿಡಿ, ಗೆಳೆಯರ ಗುಂಪಿಗೆ ಕಳಿಸಬೇಡಿ. ಅದು ಅವರ ಮನೆಯವರ ಫೋನಿಗೂ ಸುತ್ತಿಕೊಂಡು ಹೋಗುತ್ತದೆ. ಮತ್ತೆ ಈ ಸಲ ಊರಿಗೆ ಹೋದಾಗ ಅಪ್ಪನನ್ನೋ ಅಜ್ಜನನ್ನೋ ಕರೆದುಕೊಂಡು ಹೊಲದ ಕಡೆ ಒಂದು ಸುತ್ತು ಹಾಕಿಬನ್ನಿ. ನೀರು ಬಾರದೆಂದು ಕೈಬಿಟ್ಟ ಬೋರ್‌ವೆಲ್ ಇದ್ದರೆ, ಅದರ ಮೇಲೆ ಬರೀ ಗೋಣಿಚೀಲವೋ ಚಪ್ಪಡಿಕಲ್ಲೋ ಇದ್ದರೆ, ಅಂದೇ ಮಣ್ಣು ತುಂಬಿಸಿ ಬನ್ನಿ.